ಒಬ್ಬಳಿಗೆಷ್ಟು ಖರ್ಚು

ಹೇಮಶ್ರೀಯ ಮಂಚದ ಮೇಲೆ ಬೆಂಗಳೂರಿನ ಇಬ್ಬರು ಹುಡುಗರು ಷೂ ಕೂಡ ಬಿಚ್ಚದೆ ಮಲಗಿದ್ದರು.

ಜನವರಿಯ ಒಂದು ಶನಿವಾರ ಸಂಜೆ. ಸಕಲೇಶಪುರದ ವೇಬ್ರಿಡ್ಜಿನಲ್ಲಿ ಬೆಳಗಿನಿಂದ ಕಾಫಿ ಲಾರಿಗಳನ್ನು ತೂಕಕ್ಕೆ ಹತ್ತಿಸಿ ಇಳಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಬೆಳಗೋಡಿಗೆ ಬಂದು, ಅಲ್ಲಿಂದ ಕೊಯ್ಲಾದ ಗದ್ದೆಗಳ ನಡುವೆ ನಡೆದು ಮನೆ ಸೇರಿದವಳು ತನ್ನ ಕೋಣೆಯ ಬಾಗಿಲು ತಳ್ಳಿದ್ದಳು. ಹುಡುಗರಲ್ಲೊಬ್ಬ ಮೊಬೈಲಿನಿಂದ ತಲೆ ಎತ್ತಿ, "ಆಂಟಿ, ಟವೆಲ್ ತಂದ್ರಾ?" ಎಂದ.

ಹೇಮಶ್ರೀ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಅವಳ ಬಟ್ಟೆಬರೆಯೆಲ್ಲ ಎರಡು ಗೋಣಿಚೀಲಗಳಲ್ಲಿ ತುಂಬಿ ಗೊಬ್ಬರ ಇಡುವ ಸ್ಟೋರಿನಲ್ಲಿ ಒರಗಿಸಿದ್ದರು. ಒಂದು ಚೀಲದ ಬಾಯಿಂದ ಅವಳ ಒಳಲಂಗದ ಅಂಚು ಹೊರಗೆ ಇಣುಕುತ್ತಿತ್ತು. ಅದನ್ನು ನೋಡಿದ ಕೂಡಲೆ ಅವಳ ಕಿವಿ ಬಿಸಿಯಾಯಿತು. ಇವನ್ನು ತುಂಬಿದವರು ಯಾರು? ಅವ್ವನೋ, ತಮ್ಮನ ಹೆಂಡತಿಯೋ, ಇಲ್ಲ ಕೆಲಸಕ್ಕೆ ಬಂದ ಆಳೋ?

ತಮ್ಮ ಸಂಜಯ್ ಅಂಗಳದಲ್ಲಿ ಕಲ್ಲು ಜೋಡಿಸಿ ಕ್ಯಾಂಪ್‌ಫೈರಿಗೆ ಸೌದೆ ಒಟ್ಟುತ್ತಿದ್ದ. ಎರಡು ವರ್ಷದ ಹಿಂದೆ ಮನೆಯ ಮುಂದಿನ ಭಾಗವನ್ನು ಹೋಂಸ್ಟೇ ಮಾಡಿದ್ದ. ಆಗಲೇ ಎರಡು ಕೋಣೆಗಳಿದ್ದವು, ಅವು ಸಾಲುತ್ತಿರಲಿಲ್ಲ.

"ಎರಡು ದಿನದ ಮಾತು ಕಣಕ್ಕ," ಎಂದ ಅವಳ ಮುಖ ನೋಡದೆ. "ನೀನು ಅವ್ವನ ಜೊತೆ ಅಡಿಗೆಮನೇಲಿ ಮಲಿಕ್ಕೊ. ರಾತ್ರಿಗೆ ಎರಡೂವರೆ ಸಾವ್ರ ಕೊಡ್ತಾರೆ. ನಿನ್ ರೂಮಿಗೇ ಜಾಸ್ತಿ ಡಿಮ್ಯಾಂಡು, ಕಿಟಕಿ ತೆಗುದ್ರೆ ಬೆಟ್ಟ ಕಾಣುತ್ತಲ್ಲ."

"ನನ್ನ ಒಂದು ಮಾತು ಕೇಳ್ದೇನೋ?"

"ಕೇಳೋದೇನೈತೆ ಅದ್ರಲ್ಲಿ? ನೀನೇನು ಬಾಡಿಗೆ ಕೊಡ್ತಿದ್ದೀಯಾ?"

ತಮಾಷೆಗೆ ಅಂದನೋ ಏನೋ. ಅವನು ನಕ್ಕದ್ದೂ ಉಂಟು. ಆದರೆ ಹೇಮಶ್ರೀಗೆ ಆ ಮಾತು ಬಾಚಿಯಿಂದ ಕೊಚ್ಚಿದ ಹಾಗಾಯಿತು. ಅಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತೈದು. ಎರಡೂವರೆ ಎಕರೆ ಕಾಫಿ, ಸೊಸೈಟಿಯ ಸಾಲ, ಓದುತ್ತಿದ್ದ ತಮ್ಮ. ಆಗ ವೇಬ್ರಿಡ್ಜಿನ ಕೆಲಸಕ್ಕೆ ಸೇರಿದವಳು ಹನ್ನೊಂದು ವರ್ಷ ತಿಂಗಳ ಸಂಬಳವನ್ನು ಬಸ್ ಚಾರ್ಜಿಗೆ ಮಾತ್ರ ಇಟ್ಟುಕೊಂಡು ಅವ್ವನ ಕೈಗೆ ಕೊಟ್ಟಿದ್ದಳು. ಸಂಜಯನ ಡಿಪ್ಲೊಮಾ ಅದರಲ್ಲೇ ಆಯಿತು. ಆ ಹುಡುಗರು ಷೂ ಹಾಕಿಕೊಂಡು ತುಳಿದ ಟೈಲ್ಸೂ ಅದರದ್ದೇ. ಬಂದ ನಾಲ್ಕಾರು ಸಂಬಂಧಗಳು ಅವರ ಬೇಡಿಕೆಗೋ ಇವರ ಉದಾಸೀನಕ್ಕೋ ತಪ್ಪಿಹೋಗಿದ್ದವು. ಮೂವತ್ತಾರು ತುಂಬಿದ ಮೇಲೆ ಆ ಮಾತನ್ನು ಯಾರೂ ಎತ್ತುತ್ತಲೂ ಇರಲಿಲ್ಲ.

ಅಡಿಗೆಮನೆಯಲ್ಲಿ ಅವ್ವ ಪಾರ್ವತಮ್ಮ ಹುಡುಗರಿಗೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು.

"ಅವ್ವ, ನೀನೂ ಸುಮ್ನಿದ್ಯಾ?"

"ಏನ್ ಮಾಡ್ಲೇ? ಅವನು ಸಾಲ ಮಾಡಿ ಕಟ್ಟವ್ನೆ. ನಾಕು ದುಡ್ಡು ಬರೋ ಹೊತ್ತಲ್ಲಿ ನಾವು ಅಡ್ಡ ಮಲಗಕ್ಕಾಯ್ತದಾ? ನೀನೊಬ್ಬಳು, ಎಲ್ಲಿ ಮಲಗಿದ್ರೇನು?"

ಭಾನುವಾರವೆಲ್ಲ ಹೇಮಶ್ರೀ ತೋಟದಲ್ಲೇ ಕಳೆದಳು. ಸೋಮವಾರ ಬೆಳಿಗ್ಗೆ ಆ ಎರಡು ಗೋಣಿಚೀಲಗಳನ್ನು ಹಾಗೆಯೇ ಎತ್ತಿ ಹಾಲಿನ ಗಾಡಿಗೆ ಹಾಕಿಸಿದಳು. ಬಿಚ್ಚಿ ಮಡಿಸಿ ಬೇರೆ ಬ್ಯಾಗಿಗೆ ಹಾಕುವಷ್ಟು ತಾಳ್ಮೆ ಅವಳಿಗಿರಲಿಲ್ಲ. ನನ್ನ ಕೋಣೆಗೆ ಯಾರೋ ದುಡ್ಡು ಕೊಡಬಹುದಾದರೆ, ಯಾರದೋ ಕೋಣೆಗೆ ನಾನೂ ದುಡ್ಡು ಕೊಡಬಲ್ಲೆ ಎಂಬ ಹಟವೊಂದೇ ಅವಳ ಬೆನ್ನಿಗಿತ್ತು.

ಮನೆ ಸಿಗುವುದೇನು ಸುಲಭವಿರಲಿಲ್ಲ. ಜೊತೆಯಲ್ಲಿ ಓದಿದ ಗೆಳತಿ ಲಕ್ಷ್ಮಿಯ ಮನೆಯ ಹಜಾರದಲ್ಲಿ ಹತ್ತು ದಿನ ಮಲಗಿ, ಸಂಜೆ ಕೆಲಸ ಮುಗಿದ ಮೇಲೆ ಸಕಲೇಶಪುರದ ಬೀದಿಗಳನ್ನು ಸುತ್ತಿದಳು. ಚೆನ್ನಾಗಿದ್ದ ಮನೆಗಳೆಲ್ಲ ಹೋಂಸ್ಟೇ ಆಗಿದ್ದವು. ಉಳಿದವುಗಳ ಗೇಟಿನಲ್ಲಿ 'ಫ್ಯಾಮಿಲಿಗೆ ಮಾತ್ರ' ಎಂದು ಬರೆದಿತ್ತು. ಒಬ್ಬ ಹೆಂಗಸು ಮನೆ ತೋರಿಸುವ ಮೊದಲೇ, "ಯಾರ್ ಯಾರು ಬಂದು ಹೋಗೋರು ಅವ್ರೆ?" ಎಂದು ಕೇಳಿದಳು. ಇನ್ನೊಬ್ಬರು ಎಲ್ಲ ತೋರಿಸಿ, ಬಾಡಿಗೆ ಹೇಳಿ, ಕೊನೆಗೆ, "ಯಾರಾದ್ರೂ ಗಂಡಸರನ್ನ ಕರ್ಕೊಂಡು ಬಂದು ಮಾತಾಡ್ಸಮ್ಮ" ಎಂದರು.

"ದುಡ್ಡು ಕೊಡೋಳು ನಾನು," ಎಂದಳು ಹೇಮಶ್ರೀ. "ಗಂಡಸರು ಬಂದು ಏನ್ ಮಾತಾಡ್ಬೇಕು?"

ಆ ಮನೆಯೂ ಹೋಯಿತು.

ಕಡೆಗೆ ಸಿಕ್ಕಿದ್ದು ರೈಲ್ವೆ ಸ್ಟೇಷನ್ನಿನ ಹಿಂದಿನ ಏರಿನಲ್ಲಿ ತೋಟಪ್ಪನವರ ಮನೆಯ ಮಹಡಿ. ತೋಟಪ್ಪ ಕಾಳುಮೆಣಸಿನ ವ್ಯಾಪಾರಿ. ಹಣೆಯ ತುಂಬ ವಿಭೂತಿ, ಮಾತಿನ ತುಂಬ 'ನಮ್ಮೋರು'. ಬೆಳಗೋಡಿನ ಕಡೆಯವಳು, ಇಂಥವರ ಮಗಳು ಎಂದು ಗೊತ್ತಾದ ಮೇಲೆ, "ನಮ್ಮೋರ ಹುಡುಗಿ ಅಂತ ಕೊಡ್ತಿದ್ದೀನಮ್ಮ. ಬೇರೆ ಯಾರೂ ಒಂಟಿ ಹೆಣ್ಮಕ್ಕಳಿಗೆ ಕೊಡಲ್ಲ," ಎಂದರು. ಒಂದು ಕೋಣೆ, ಮೂಲೆಯಲ್ಲಿ ಅಡಿಗೆಗೆ ಕಟ್ಟೆ, ಮೆಟ್ಟಿಲ ಕೆಳಗೆ ಬಚ್ಚಲು. ಬಾಡಿಗೆ ಐದು ಸಾವಿರ, ನೀರಿಗೆ ಮುನ್ನೂರು, ಕರೆಂಟಿಗೆ ಆರುನೂರು. "ಮೀಟರ್ ನನ್ ಹೆಸರಲ್ಲೈತೆ, ಬಿಲ್ಲಿನ ತಲೆನೋವು ನಿಂಗೆ ಬ್ಯಾಡ, ನಾನ್ ಕಟ್ಕೋತೀನಿ," ಎಂದರು. ಅಡ್ವಾನ್ಸು ನಲವತ್ತು ಸಾವಿರ, ಕರಾರು ಹನ್ನೊಂದು ತಿಂಗಳು.

ಹೇಮಶ್ರೀ ವರ್ಷದ ಹಿಂದೆ ಹೆಚ್ಚಿದ ಸಂಬಳವನ್ನು ಮನೆಯಲ್ಲಿ ಮುಚ್ಚಿಟ್ಟು, ಅದರಲ್ಲಿ ಅವ್ವನಿಗೂ ಹೇಳದೆ ಕಟ್ಟುತ್ತಿದ್ದ ಐವತ್ತು ಸಾವಿರದ ಚೀಟಿಯನ್ನು ಒಂಬತ್ತು ಸಾವಿರ ಬಿಟ್ಟು ಎತ್ತಿದಳು. ಒಂಬತ್ತು ಸಾವಿರ ಕಣ್ಣೆದುರಿಗೇ ಹೋಯಿತು, ಮೇಲೆ ತಿಂಗಳಿಗೆ ಎರಡೂವರೆ ಸಾವಿರ ಕಟ್ಟುವುದು ಉಳಿಯಿತು. ನಲವತ್ತು ಸಾವಿರ ಎಣಿಸಿಕೊಂಡ ತೋಟಪ್ಪ ಕೈಯಲ್ಲಿ ಬೀಗದ ಕೈ ಇಟ್ಟಾಗ ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಸಂಜಯನ ಮುಖದ ಮೇಲೆ ಆ ಬೀಗದ ಕೈ ಎಸೆಯಬೇಕು ಎನ್ನಿಸಿತು, ಅಷ್ಟೆ.

ಅವಳ ಸಂಬಳ ಹದಿನೈದೂವರೆ ಸಾವಿರ. ವೇಬ್ರಿಡ್ಜಿನಿಂದ ಏರು ಹತ್ತಿ ಮನೆಗೆ ನಡೆಯುವ ಅರ್ಧ ಗಂಟೆಯಲ್ಲಿ ದಿನವೂ ಮನಸ್ಸಿನಲ್ಲೇ ಅದನ್ನು ಕಳೆಯುತ್ತ ಬರುವುದು ಅವಳಿಗೆ ಅಭ್ಯಾಸವಾಯಿತು. ಬಾಡಿಗೆ, ನೀರು, ಕರೆಂಟಿಗೆ ಐದು ಸಾವಿರದ ಒಂಬೈನೂರು, ಚೀಟಿಗೆ ಎರಡೂವರೆ ಸಾವಿರ, ಅವ್ವನ ಬಿಪಿ, ಶುಗರಿನ ಮಾತ್ರೆಗೆ ಒಂದೂವರೆ ಸಾವಿರ. ಮಾತ್ರೆಯ ದುಡ್ಡು ನಿಲ್ಲಿಸಲು ಎರಡು ಸಲ ಮನಸ್ಸು ಮಾಡಿ, ಎರಡು ಸಲವೂ ಆಗದೆ, ತನ್ನ ಮೇಲೇ ಸಿಟ್ಟಾಗಿದ್ದಳು. ಉಳಿದದ್ದು ಐದು ಸಾವಿರದ ಆರುನೂರು. ಗ್ಯಾಸು, ಅಕ್ಕಿ, ಹಾಲು, ಸೋಪು, ಫೋನು, ಕಾಯಿಲೆ ಕಸಾಲೆ ಎಲ್ಲ ಅದರಲ್ಲೇ. ಮೊದಲ ತಿಂಗಳು ಬಕೆಟ್ಟು, ಚಾಪೆ, ಒಲೆ, ಎರಡು ಪಾತ್ರೆ ಎನ್ನುವಷ್ಟರಲ್ಲಿ ಕೈ ಖಾಲಿಯಾಗಿ, ಕಡೆಯ ವಾರ ಗಂಜಿಗೆ ಉಪ್ಪಿನಕಾಯಿ ನಂಚಿಕೊಂಡು ದೂಡಿದಳು.

ಒಬ್ಬಳೇ ಇದ್ದರೆ ಖರ್ಚು ಕಡಿಮೆ ಎಂದು ಹೇಳಿದವರು ಯಾರೋ, ಅವರನ್ನು ಹುಡುಕಿ ಬೈಯಬೇಕೆನಿಸುತ್ತಿತ್ತು. ಒಬ್ಬಳಿದ್ದಾಳೆಂದು ಬಲ್ಬು ಅರ್ಧ ಉರಿಯುವುದಿಲ್ಲ. ಮನೆಯವನು ಬಾಡಿಗೆಯಲ್ಲಿ ಅರ್ಧ ಬಿಡುವುದಿಲ್ಲ. ಸೊಪ್ಪಿನವಳು ಅರ್ಧ ಕಟ್ಟು ಕೊಡುವುದಿಲ್ಲ. ತೆಂಗಿನಕಾಯಿ ಒಡೆದರೆ ಎರಡನೆಯ ಹೋಳು ಹುಳಿಯಾಗುತ್ತದೆ. ಅರ್ಧ ಲೀಟರ್ ಹಾಲಿನಲ್ಲಿ ಎರಡು ಲೋಟ ಕಾಫಿಗೆ ಬಳಸಿ, ಫ್ರಿಜ್ಜಿಲ್ಲದೆ ಉಳಿದದ್ದು ಒಡೆದರೆ ಚೆಲ್ಲುವುದು. ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಊರಿನ ಮನೆಯಲ್ಲೇ ಇತ್ತು. ಅವಳ ಪಾಲಿನ ಅಕ್ಕಿಯನ್ನು ಅಲ್ಲಿ ರುಬ್ಬಿ ಗೆಸ್ಟುಗಳಿಗೆ ನೀರುದೋಸೆ ಹುಯ್ಯುತ್ತಿದ್ದರು. ಹೆಸರು ತೆಗೆಸಿಕೊಡು ಎಂದು ಫೋನು ಮಾಡಿದರೆ ಸಂಜಯ್, "ಈಗ ಸೀಸನ್ನು, ಆಮೇಲೆ ನೋಡಣ," ಎಂದ. ಗ್ಯಾಸಿನ ಕನೆಕ್ಷನ್ನಿಗೆ ವಿಳಾಸದ ದಾಖಲೆ ಕೇಳಿದರು. ತೋಟಪ್ಪ ಕರಾರು ಪತ್ರ ಬರೆದುಕೊಡಲು ಇವತ್ತು ನಾಳೆ ಎಂದು ದಿನ ದೂಡಿದರು. ಅದು ಕೈಗೆ ಬರುವವರೆಗೆ ಐದು ಕೆಜಿಯ ಚಿಕ್ಕ ಸಿಲಿಂಡರನ್ನು ಅಂಗಡಿಯವನು ಹೇಳಿದ ಬೆಲೆಗೆ ತುಂಬಿಸಿಕೊಂಡು, ಸೊಂಟದ ಮೇಲೆ ಹೊತ್ತು ಏರು ಹತ್ತುತ್ತಿದ್ದಳು.

ಮಾರ್ಚಿನಲ್ಲಿ ಧಣಿಯನ್ನು ಸಂಬಳ ಹೆಚ್ಚಿಸಲು ಕೇಳಿದಳು. ವೇಬ್ರಿಡ್ಜಿನ ಧಣಿ ರಾಜಶೇಖರ್ ಕೆಟ್ಟವರೇನಲ್ಲ. ಹಬ್ಬಕ್ಕೆ ಸೀರೆ ಕೊಡುವವರು, ಏರುದನಿಯಲ್ಲಿ ಮಾತಾಡಿದವರಲ್ಲ. ಅವಳ ಜೊತೆ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದ ಜಯಕುಮಾರ್ ಅವಳಿಗಿಂತ ನಾಲ್ಕು ವರ್ಷ ತಡವಾಗಿ ಸೇರಿದವನು. ಅವನಿಗೆ ಎರಡೂವರೆ ಸಾವಿರ ಹೆಚ್ಚಿಗೆ ಬರುತ್ತಿತ್ತು.

"ಅವನಿಗೆ ಹೆಂಡ್ತಿ ಮಕ್ಕಳವ್ರೆ ಕಣಮ್ಮ," ಎಂದರು ರಾಜಶೇಖರ್ ಸಮಾಧಾನದಿಂದ. "ಸ್ಕೂಲ್ ಫೀಸು, ಅದು ಇದು. ನಿಂಗೇನು ಖರ್ಚು, ಒಬ್ಬಳೇ ಜೀವ?"

"ಅವರು ತೂಗೋ ಲಾರಿಯನ್ನೇ ನಾನೂ ತೂಗೋದು ಸಾರ್."

"ಹಂಗಲ್ಲಮ್ಮ ಲೆಕ್ಕ," ಎಂದು ಅವರು ನಕ್ಕು ಫೋನೆತ್ತಿಕೊಂಡರು.

ಅವತ್ತು ಇಡೀ ದಿನ ಹೇಮಶ್ರೀ ಡ್ರೈವರುಗಳ ಮೇಲೆ ಹಾರಾಡಿದಳು. ಶುಂಠಿ ತುಂಬಿದ ಲಾರಿಯ ಡ್ರೈವರ್ ಒಬ್ಬ, "ಯಾಕ್ರಕ್ಕ, ನಾನೇನ್ ಮಾಡ್ದೆ?" ಎಂದು ಕೇಳಿದಾಗ ತೂಕದ ಚೀಟಿ ಹರಿದು ಅವನ ಕೈಗೆ ತುರುಕಿದಳು.

ಏಪ್ರಿಲ್ ಕೊನೆಗೆ ಅವಳಿಗೆ ಜ್ವರ ಬಂತು. ಎರಡು ದಿನ ರಜೆ, ಎಂದರೆ ಎರಡು ದಿನದ ಸಂಬಳ ಕಟ್. ಮಧ್ಯಾಹ್ನ ಚಾಪೆಯ ಮೇಲೆ ಬಿದ್ದುಕೊಂಡು ಆ ಕಟ್ ಆಗುವ ದುಡ್ಡನ್ನೇ ಯೋಚಿಸುತ್ತಿದ್ದಾಗ ಮೆಟ್ಟಿಲ ಬಳಿ ಮೀಟರ್ ಓದುವವನ ಮಿಷನ್ನಿನ ಸದ್ದು ಕೇಳಿಸಿತು. ಕುಡಿಯುವ ನೀರು ತರಲು ಇಳಿದವಳು ಸುಮ್ಮನೆ ಕೇಳಿದಳು: "ಮಹಡಿ ಮನೇದು ಈ ತಿಂಗಳು ಎಷ್ಟಾಗೈತಣ್ಣ?"

"ಮಹಡೀದಾ? ಸೊನ್ನೆ ಕಣಕ್ಕ. ಇದಕ್ಕೆ ಯಾವಾಗ್ಲೂ ಸೊನ್ನೇನೆ. ಗೃಹಜ್ಯೋತಿ ಐತಲ್ಲ, ಸರ್ಕಾರದ್ದು ಫ್ರೀ ಕರೆಂಟು. ಹಿಂದೆ ಇದ್ದ ಬಾಡಿಗೆಯೋರು ಮಾಡ್ಸಿದ್ದು, ಹಂಗೇ ನಡೀತೈತೆ."

"ಯಾವಾಗ್ಲೂ ಅಂದ್ರೆ?"

"ನಾನು ಈ ಲೈನಿಗೆ ಬಂದಾಗಿಂದ. ಕೆಳಗಡೆ ಪೋರ್ಷನ್ನಿಗೂ ಅಷ್ಟೆ."

ಅವನು ಕಾಗದ ಹರಿದು ತೋಟಪ್ಪನವರ ಕಿಟಕಿಗೆ ಸಿಕ್ಕಿಸಿ ಹೊರಟುಹೋದ. ಹೇಮಶ್ರೀ ಬಿಂದಿಗೆ ಹಿಡಿದುಕೊಂಡು ಅಲ್ಲೇ ನಿಂತಳು. ಜ್ವರದ ಬಿಸಿಯೋ ಸಿಟ್ಟಿನ ಬಿಸಿಯೋ, ಕಣ್ಣು ಉರಿಯತೊಡಗಿತು. ಮೂರು ತಿಂಗಳು ಆರಾರುನೂರು. ಬಿಲ್ಲು ಏರಿದರೆ ಇನ್ನೂ ಹೆಚ್ಚು ಕೇಳಿಯಾರೆಂದು ಫ್ಯಾನಿಲ್ಲದೆ ಮಲಗಿದ್ದು. ಕತ್ತಲಾದ ಮೇಲೂ ಸ್ವಲ್ಪ ಹೊತ್ತು ದೀಪ ಹಾಕದೆ ಕೂತಿದ್ದು. ಎಲ್ಲ ಒಟ್ಟಿಗೆ ನೆನಪಾಯಿತು.

ಕೆಳಗಿನ ಪೋರ್ಷನ್ನಿನಲ್ಲಿ ಈರಮ್ಮ ಇದ್ದಳು. ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸ, ಗಂಡ ಹಮಾಲಿ. ಹೇಮಶ್ರೀ ಬಾಗಿಲು ಬಡಿದು ವಿಷಯ ಹೇಳಿದಳು. ಈರಮ್ಮ ತಲೆ ತಗ್ಗಿಸಿದಳು.

"ನಂಗೊತ್ತಿತ್ತು ಕಣೇ ತಾಯಿ."

"ಗೊತ್ತಿತ್ತಾ?"

"ನಾವು ಒಂಬೈನೂರು ಕೊಡ್ತೀವಿ. ಎರಡು ವರ್ಷಾಯ್ತು. ಕೇಳಿದ್ರೆ ಮನೆ ಬಿಡಿ ಅಂತಾರೆ. ಎಲ್ಲಿಗೆ ಹೋಗಣ ಹೇಳು?"

"ನಂಗಾದ್ರೂ ಹೇಳ್ಬಾರ್ದಿತ್ತಾ ಈರಮ್ಮ?"

"ಹೇಳಿದ್ರೆ ನೀನು ಹಿಂಗೇ ಕೂಗಾಡ್ತೀಯ ಅಂತ ಗೊತ್ತಿತ್ತಲ್ಲ," ಎಂದಳು ಈರಮ್ಮ.

ಹೇಮಶ್ರೀ ಅವಳಿಗೂ ಒಂದು ಮಾತು ಅಂದುಬಿಟ್ಟು ಸೀದಾ ತೋಟಪ್ಪನವರ ಅಂಗಳಕ್ಕೆ ಹೋದಳು. ಕಾಲಿಗೆ ಚಪ್ಪಲಿ ಇರಲಿಲ್ಲ. ಅಂಗಳದ ತುಂಬ ಟಾರ್ಪಾಲಿನ ಮೇಲೆ ಮೆಣಸು ಹರಡಿತ್ತು. ತೋಟಪ್ಪ ಜಗಲಿಯ ಮೇಲೆ ಕೂತು ಮೆಣಸು ತಂದವರಿಬ್ಬರ ಜೊತೆ ರೇಟು ಮಾತಾಡುತ್ತಿದ್ದರು.

"ತೋಟಪ್ಪನೋರೆ, ನನ್ ಮನೆ ಕರೆಂಟ್ ಬಿಲ್ ಎಷ್ಟು ಬರ್ತೈತೆ?"

"ಏನಮ್ಮ ಇದು, ಬಂದೋರ ಮುಂದೆ? ಆಮೇಲೆ ಬಾ."

"ಈಗ್ಲೇ ಹೇಳಿ. ಸೊನ್ನೆ ಬರೋ ಬಿಲ್ಲಿಗೆ ಆರ್ನೂರು ಯಾಕೆ ತಗೊಂಡ್ರಿ?"

ಮೆಣಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೋಟಪ್ಪ ಮೊದಲು ಮೀಟರ್ ಬಾಡಿಗೆ ಎಂದರು, ಆಮೇಲೆ ಪಂಪಿನ ಖರ್ಚು ಎಂದರು. ನೀರಿಗೆ ಬೇರೆ ಕೊಡುತ್ತೇನಲ್ಲ ಎಂದು ಅವಳು ಕೇಳಿದಾಗ ಅವರಿಗೂ ಸಿಟ್ಟು ಬಂತು.

"ಏಯ್, ಒಂಟಿ ಹೆಂಗಸಿಗೆ ಈ ಊರಲ್ಲಿ ಯಾರು ಮನೆ ಕೊಡ್ತಾರೆ? ನಾನು ಕೊಟ್ಟೆ. ನಾಕು ಜನ ನಾಕು ಮಾತಾಡ್ತಾರೆ, ಅದನ್ನೂ ತಡ್ಕೊಂಡಿದ್ದೀನಿ. ಆರ್ನೂರು ರೂಪಾಯಿಗೆ ಅಂಗಳಕ್ಕೆ ಬಂದು ಕೂಗ್ತೀಯಲ್ಲ, ಸಾಕೋಕೆ ಸಂಸಾರ ಐತಾ ನಿಂಗೆ? ಏನಂತ ಖರ್ಚು?"

"ಹಂಗಾದ್ರೆ ಮೊದ್ಲೇ ಹೇಳ್ಬೇಕಿತ್ತು," ಎಂದಳು ಹೇಮಶ್ರೀ. ಅವಳ ದನಿ ಬೀದಿಯವರೆಗೂ ಕೇಳುತ್ತಿತ್ತು. "ಬಾಡಿಗೆ ಐದು ಸಾವ್ರ, ನೀರಿಗೆ ಮುನ್ನೂರು, ಒಂಟಿ ಹೆಂಗಸು ಅನ್ನೋದಕ್ಕೆ ಆರ್ನೂರು ಅಂತ. ಕರೆಂಟು ಅಂತ ಯಾಕೆ ಸುಳ್ ಹೇಳಿದ್ರಿ? ಈ ಮೂರು ತಿಂಗಳದ್ದು ಸಾವ್ರದ ಎಂಟ್ನೂರು ಮುಂದಿನ ಬಾಡಿಗೇಲಿ ಹಿಡ್ಕೊಂಡು ಕೊಡ್ತೀನಿ."

"ಹಿಡ್ಕೊಂಡ್ರೆ ಮನೆ ಖಾಲಿ ಮಾಡು."

"ಮಾಡಲ್ಲ. ನಲವತ್ತು ಸಾವ್ರ ಎಣಿಸ್ಕೊಂಡಿದ್ದೀರಿ, ಹನ್ನೊಂದು ತಿಂಗಳು ಅಂದಿದ್ದೀರಿ. ಈಗ ನಿಮ್ ಕೈಲಿ ಅಷ್ಟು ದುಡ್ಡಿದ್ರೆ ಇಲ್ಲೇ ಇವರ ಮುಂದೆ ಎಣ್ಸಿ, ಸಂಜೆಯೊಳಗೆ ಹೋಗ್ತೀನಿ."

ದುಡ್ಡೆಲ್ಲ ಮೆಣಸಿಗೆ ಹಾಕಿದ್ದ ತೋಟಪ್ಪ ಜಗಲಿ ಇಳಿದು ಮೆಣಸು ಕೆದರತೊಡಗಿದರು.

ಮೇ ಒಂದನೇ ತಾರೀಖು ಅವಳು ಮೂರು ಸಾವಿರದ ಐನೂರು ಕೊಟ್ಟಳು. ಅವರು ಮುಟ್ಟಲಿಲ್ಲ. ಜಗಲಿಯ ಮೇಲೆ ಇಟ್ಟು ಬಂದಳು. ಮಾರನೆಯ ದಿನ ಮಹಡಿಯ ನಲ್ಲಿಯಲ್ಲಿ ನೀರು ನಿಂತಿತು. ಹೇಮಶ್ರೀ ಬೈಯಲಿಲ್ಲ. ಬೆಳಿಗ್ಗೆ ಎರಡು ಬಕೆಟ್ಟು ಹಿಡಿದು ಅವರ ಅಂಗಳದ ನಲ್ಲಿಗೇ ಹೋದಳು. ಮೆಣಸು ತಂದವರ ಜೀಪುಗಳು ಬಂದು ನಿಲ್ಲುವ ಹೊತ್ತು ಅದು. ಎಲ್ಲರ ನಡುವೆ ಬಕೆಟ್ಟು ಕುಕ್ಕಿ ತುಂಬಿಸಿ, ಎತ್ತಿಕೊಂಡು ಮೆಟ್ಟಿಲು ಹತ್ತಿದಳು, ಮತ್ತೆ ಇಳಿದಳು. ಯಾರೋ, "ಯಾಕಮ್ಮ, ಮೇಲೆ ನೀರು ಬರಲ್ವಾ?" ಎಂದು ಕೇಳಿದರು. "ಬರ್ತಿತ್ತು, ನಿಲ್ಸವ್ರೆ," ಎಂದಳು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಅವಳು ಅಂಗಳಕ್ಕೆ ಕಾಲಿಡುವ ಮೊದಲೇ ತೋಟಪ್ಪನವರ ಹೆಂಡತಿ ಸುಮಿತ್ರಮ್ಮ ಹೊರಗೆ ಬಂದು, "ನೀರು ಬುಟ್ಟಿದ್ದೀನಿ ಕಣಮ್ಮ, ಹೋಗು," ಎಂದರು ಸಣ್ಣ ದನಿಯಲ್ಲಿ. ಅವತ್ತಿನಿಂದ ತೋಟಪ್ಪ ಅವಳೊಂದಿಗೆ ಮಾತು ಬಿಟ್ಟರು. ಕರಾರು ಪತ್ರ ಮಾತ್ರ ಆ ವಾರವೇ ಸುಮಿತ್ರಮ್ಮನ ಕೈಯಲ್ಲಿ ಬಂತು. ಜೂನಿನಿಂದ ಈರಮ್ಮನೂ ಒಂಬೈನೂರು ಕೊಡುವುದನ್ನು ನಿಲ್ಲಿಸಿದಳು, ಅದೂ ಗಂಡನನ್ನು ಕಳಿಸಿ ಹೇಳಿಸಿದಳು. ಎರಡು ವರ್ಷದ ದುಡ್ಡು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಹೇಮಶ್ರೀ ಎಷ್ಟು ಉರಿದುಬಿದ್ದರೂ ಕೇಳಲಿಲ್ಲ.

ಆ ಮೇ ತಿಂಗಳ ಮಧ್ಯದಲ್ಲೇ ಒಂದು ಭಾನುವಾರ ಸಂಜಯ್ ಕಾರಿನಲ್ಲಿ ಅವ್ವನನ್ನು ಕರೆದುಕೊಂಡು ಬಂದ. ನಾಲ್ಕು ತಿಂಗಳಲ್ಲಿ ಇದೇ ಮೊದಲ ಸಲ. ಅವನಿಗೆ ತೋಟದ ಮೇಲ್ಗಡೆ ಎರಡು ಕಾಟೇಜು ಕಟ್ಟಬೇಕಿತ್ತು. ಬ್ಯಾಂಕಿನವರು ಸಂಬಳದವರ ಜಾಮೀನು ಕೇಳಿದ್ದರು.

"ಒಂದು ಸೈನು ಅಷ್ಟೇ ಅಕ್ಕ," ಎಂದ ಕೋಣೆಯ ನಡುವೆ ನಿಂತು. ಕೂರಲು ಕುರ್ಚಿ ಇರಲಿಲ್ಲ.

"ನನ್ನ ರೂಮಿಂದ ಇಷ್ಟು ದಿನಕ್ಕೆ ಎಷ್ಟು ಬಂತೋ?"

"ಅದ್ಯಾಕೀಗ?"

"ಹೇಳು, ಕೇಳ್ತೀನಿ."

ಅವನು ಬ್ಯಾಂಕಿನ ಫಾರಂ ಮುಂದೆ ಹಿಡಿದ. ಪಾರ್ವತಮ್ಮ ಅಷ್ಟರಲ್ಲಿ ಗೋಡೆ, ಕಟ್ಟೆ, ಚಿಕ್ಕ ಸಿಲಿಂಡರ್ ಎಲ್ಲ ನೋಡಿ, "ಇದಕ್ಕೆ ಐದು ಸಾವ್ರನಾ? ಒಬ್ಬಳಿಗೆ ಇಷ್ಟೆಲ್ಲ ಖರ್ಚಾ? ಮನೇಲಿದ್ದಿದ್ರೆ ಎಲ್ಲ ಉಳೀತಿತ್ತಲ್ಲೇ," ಎಂದಳು.

ಹೇಮಶ್ರೀ ಆವತ್ತು ಆಡಿದ ಮಾತು ಅವಳಿಗೇ ಪೂರ್ತಿ ನೆನಪಿಲ್ಲ. ಉಳಿದದ್ದು ಯಾರಿಗೆ ಅವ್ವ ಎಂದು ಕೇಳಿದ್ದು ನೆನಪಿದೆ. ಗೋಣಿಚೀಲದ ಮಾತು ಬಂತು, ಟೈಲ್ಸು ಬಂತು, ತಪ್ಪಿದ ಸಂಬಂಧಗಳು ಬಂದವು. ಹನ್ನೊಂದು ವರ್ಷದಲ್ಲಿ ನನಗೆ ಅಂತ ಒಂದು ಸೀರೆಯಾದರೂ ತಂದಿರಾ ಎಂದು ಕೂಗಿದಳು. ಸಂಜಯ್, "ಇವಳಿಗೆ ತಲೆ ಕೆಟ್ಟೈತೆ, ನಡಿಯವ್ವ," ಎಂದು ಕಾರಿನ ಕೀ ಕೈಗೆ ತೆಗೆದುಕೊಂಡ.

ಪಾರ್ವತಮ್ಮ ಕದಲಲಿಲ್ಲ. ಚಾಪೆಯ ಮೇಲೆ ಕೂತು, "ನೀನು ಹೋಗು. ನಾನು ಆಮೇಲೆ ಬರ್ತೀನಿ," ಎಂದಳು.

"ನಾಳೆ ಎಂಟು ಜನ ಗೆಸ್ಟು ಬರ್ತಾರಲ್ಲವ್ವ?"

"ಮೇಘಾ ಕೈಲಿ ಮಾಡ್ಸು." ಮೇಘಾ ಅವನ ಹೆಂಡತಿ.

ಅವನ ಕಾರು ಏರು ಇಳಿದು ಹೋಯಿತು. ಆಮೇಲೆ ಪಾರ್ವತಮ್ಮ ತಾನಾಗಿಯೇ ಶುರುಮಾಡಿದಳು. ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎದ್ದು ಹಿಟ್ಟು ಕಲಸಬೇಕು. ಶಿವಪೂಜೆ ಮಾಡುವ ಮನೆಯ ಅಂಗಳದಲ್ಲಿ ಕೋಳಿ ಸುಡುವ ವಾಸನೆ ಸಹಿಸಬೇಕು, ಬೆಳಗಾದರೆ ಅದರ ಮೂಳೆ ಗುಡಿಸಬೇಕು. ಹೋದ ತಿಂಗಳು ಮಂಡಿ ನೋವಿನ ಎಣ್ಣೆಗೆ, ಮಠಕ್ಕೆ ಹೋಗಿಬರುವ ಬಸ್ ಚಾರ್ಜಿಗೆ ಮಗನ ಹತ್ತಿರ ಮುನ್ನೂರು ರೂಪಾಯಿ ಕೇಳಿದಳಂತೆ.

"ಏನಂದ?"

"'ಮನೇಲೇ ಇರ್ತೀಯ, ನಿಂಗೇನವ್ವ ಖರ್ಚು?' ಅಂದ."

ಹೇಮಶ್ರೀ ಅವ್ವನ ಮುಖ ನೋಡಿದಳು. ಅಳುತ್ತಾಳೇನೋ ಎಂದುಕೊಂಡಿದ್ದಳು. ಪಾರ್ವತಮ್ಮನ ತುಟಿ ಬಿಗಿದಿತ್ತು, ಮೂಗಿನ ಹೊಳ್ಳೆ ಅರಳಿತ್ತು. ಅವ್ವನಿಗೆ ಸಿಟ್ಟು ಬಂದದ್ದನ್ನು ಅವಳು ಅಲ್ಲಿಯವರೆಗೆ ನೋಡಿರಲೇ ಇಲ್ಲ.

"ನೀನೂ ನಂಗೆ ಅದನ್ನೇ ಅಂದಿದ್ದೆ. ನೀನೊಬ್ಬಳು, ಎಲ್ಲಿ ಮಲಗಿದ್ರೇನು ಅಂತ," ಎಂದಳು ಹೇಮಶ್ರೀ.

"ಅಂದೆ," ಎಂದಳು ಪಾರ್ವತಮ್ಮ. "ಆಗ ಗೊತ್ತಾಗ್ಲಿಲ್ಲ ಕಣೇ." ಅಷ್ಟಕ್ಕೆ ಬಿಟ್ಟು, "ಅಕ್ಕಿ ಎಲ್ಲೈತೆ?" ಎಂದು ಎದ್ದಳು.

ಅವಳು ಇದ್ದದ್ದು ಹನ್ನೆರಡು ದಿನ. ಸಂಜಯ್ ದಿನಕ್ಕೆ ಮೂರು ಸಲ ಫೋನು ಮಾಡಿದ. ಮೊದಲು ಗದರಿದ, ಆಮೇಲೆ ಗೋಗರೆದ. ಮೇ ತಿಂಗಳ ರಜೆಯಲ್ಲಿ ಮನೆ ತುಂಬ ಜನ. ಮೇಘಾ ಒಂದೇ ವಾರಕ್ಕೆ ಸುಸ್ತಾಗಿ ಕೈಚೆಲ್ಲಿದಳು. ಕಡೆಗೆ ಪಕ್ಕದ ಎಸ್ಟೇಟಿನ ಕೂಲಿ ಲೈನಿನಿಂದ ಚಿನ್ನಮ್ಮ ಎಂಬುವಳನ್ನು ದಿನಕ್ಕೆ ಐನೂರು ಕೊಟ್ಟು ಅಡಿಗೆಗೆ ಇಟ್ಟುಕೊಳ್ಳಬೇಕಾಯಿತು. ಆ ಸುದ್ದಿ ಕೇಳಿದ ಪಾರ್ವತಮ್ಮ, "ಐನೂರಾ! ನಂಗೆ ಮುನ್ನೂರು ಕೊಡಕ್ಕಾಗ್ಲಿಲ್ಲ ಅವನಿಗೆ," ಎಂದು ಆ ದಿನವೆಲ್ಲ ಅದನ್ನೇ ಆಡುತ್ತಿದ್ದಳು.

ಅವ್ವ ಬಂದದ್ದರಿಂದ ಹೇಮಶ್ರೀಯ ತಿಂಗಳ ಲೆಕ್ಕ ತಲೆಕೆಳಗಾಯಿತು. ಗ್ಯಾಸು ಬೇಗ ಮುಗಿಯಿತು, ಹಾಲು ಎರಡು ಪ್ಯಾಕೆಟ್ಟಾಯಿತು. ಅದಕ್ಕೂ ಅವಳಿಗೆ ಸಿಟ್ಟು ಬರುತ್ತಿತ್ತು. ಅವ್ವನೊಂದಿಗೆ ಜಗಳವೂ ಆಗುತ್ತಿತ್ತು. ಚೆಲ್ಲುವುದು ಮಾತ್ರ ತಪ್ಪಿತು. ಸೊಪ್ಪಿನ ಕಟ್ಟು ಪೂರ್ತಿ ಸಾರಿಗೆ ಬೀಳುತ್ತಿತ್ತು.

ಕೈ ಖಾಲಿಯಾಗಿ ಮತ್ತೆ ರಾಜಶೇಖರರ ಮುಂದೆ ನಿಂತಳು. ಈ ಸಲ ಲಾರಿಯ ಮಾತೆತ್ತಲಿಲ್ಲ. "ಅವ್ವ ನನ್ ಜೊತೆಗೇ ಬಂದವ್ರೆ ಸಾರ್," ಎಂದಳಷ್ಟೆ.

"ಹೌದಾ! ಮೊದ್ಲೇ ಹೇಳ್ಬಾರ್ದೇನಮ್ಮ?" ಎಂದು ರಾಜಶೇಖರ್ ಅಲ್ಲೇ ಕೂತಲ್ಲೇ ಸಾವಿರದ ಐನೂರು ಹೆಚ್ಚಿಸಿದರು. "ತಾಯೀನ ಸಾಕೋದು ಪುಣ್ಯದ ಕೆಲಸ," ಎಂದೂ ಸೇರಿಸಿದರು.

ಹೇಮಶ್ರೀ ಕ್ಯಾಬಿನ್ನಿಗೆ ಬಂದು ಕೂತಳು. ಹನ್ನೊಂದು ವರ್ಷದ ತನ್ನ ಕೆಲಸಕ್ಕೆ ಸಿಗದ ದುಡ್ಡು ಅವ್ವನ ಹೆಸರು ಹೇಳಿದ ಕೂಡಲೇ ಸಿಕ್ಕಿತ್ತು. ಎದ್ದು ಹೋಗಿ, ಈ ದುಡ್ಡು ನನಗೆ ಬೇಡ ಎನ್ನಬೇಕೆಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಏರಿನ ದಾರಿಯುದ್ದಕ್ಕೂ ಕಳೆದೂ ಕಳೆದೂ ಸಾಕಾಗಿದ್ದ ತಲೆ ಅದಕ್ಕೆ ಒಪ್ಪಲಿಲ್ಲ. ದುಡ್ಡು ತೆಗೆದುಕೊಂಡಳು. ಮೇ ಕೊನೆಗೆ ಪಾರ್ವತಮ್ಮ ಊರಿಗೆ ಹೊರಟಾಗ ಆ ವಿಷಯವನ್ನು ವೇಬ್ರಿಡ್ಜಿನಲ್ಲಿ ಯಾರಿಗೂ ಹೇಳಲಿಲ್ಲ.

ಹೋಗುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಪಾರ್ವತಮ್ಮ ಕೇಳಿದಳು: "ಆ ಸೈನು ಹಾಕ್ತೀಯೇನೇ?"

"ಇಲ್ಲ."

"ಹಾಕ್ಬ್ಯಾಡ," ಎಂದಳು ಅವ್ವ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ನಾನೂ ಇನ್ಮೇಲೆ ತಿಂಗಳಿಗೆ ಎರಡು ಸಾವ್ರ ಕೊಟ್ರೇನೇ ಒಲೆ ಹಚ್ಚೋದು ಅಂದಿದ್ದೀನಿ. ಹ್ಞೂ ಅಂದವ್ನೆ. ಕೊಡ್ತಾನೋ ಇಲ್ವೋ ನೋಡಣ."

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು, "ರೇಷನ್ ಕಾರ್ಡಿಂದ ನಿನ್ ಹೆಸರು ತೆಗೆಸೋಕೆ ನಾನೇ ಹೋಗ್ತೀನಿ, ಅವನ್ನ ನಂಬ್ಕೊಂಡು ಕೂರ್ಬ್ಯಾಡ," ಎಂದಳು.

ಊರಿನ ಮನೆಯ ಕೋಣೆ ಹೇಮಶ್ರೀಗೆ ಮತ್ತೆ ಸಿಗಲಿಲ್ಲ. ಅದಕ್ಕೆ ಈಗ ಎಸಿ ಹಾಕಿಸಿದ್ದಾರಂತೆ, ರಾತ್ರಿಗೆ ಮೂರು ಸಾವಿರವಂತೆ. ಹನ್ನೊಂದು ವರ್ಷದ ದುಡ್ಡೂ ಯಾರೂ ಹಿಂದಕ್ಕೆ ಕೊಡುವುದಿಲ್ಲ. ಅದನ್ನು ನೆನೆದಾಗ ಅವಳ ಹೊಟ್ಟೆಯೊಳಗೆ ಈಗಲೂ ಬೆಂಕಿ ಬೀಳುತ್ತದೆ. ಅದು ಆರಲಿ ಎಂದು ಅವಳು ಯಾವ ದೇವರನ್ನೂ ಬೇಡಿಕೊಂಡಿಲ್ಲ. ಕರೆಂಟಿನ ಆರುನೂರು ಉಳಿದು, ಸಂಬಳ ಅಷ್ಟಿಷ್ಟು ಹೆಚ್ಚಿ, ಜುಲೈ ಕೊನೆಗೆ ಮೊದಲ ಸಲ ಕೈಯಲ್ಲಿ ಸಾವಿರದ ಚಿಲ್ಲರೆ ನಿಂತಿತು. ಭಾನುವಾರ ಪೇಟೆಗೆ ಹೋಗಿ ಎರಡು ಕುರ್ಚಿ ನೋಡಿದಳು. ಅಂಗಡಿಯವನು, "ಮನೇಲಿ ಎಷ್ಟು ಜನ ಅಕ್ಕ?" ಎಂದು ಕೇಳಿದ.

"ಅದು ನಿಂಗ್ಯಾಕೆ? ರೇಟು ಹೇಳು," ಎಂದಳು ಹೇಮಶ್ರೀ.

ಅವನು ಹೇಳಿದ. ಅವಳು ಅರ್ಧ ಗಂಟೆ ಚೌಕಾಸಿ ಮಾಡಿ ಒಂದನ್ನು ಕೊಂಡಳು. ಆಟೋಕ್ಕೆ ದಂಡ ಯಾಕೆಂದು, ಮಳೆ ಹನಿಯುತ್ತಿದ್ದರೂ ಅದನ್ನು ತಲೆಯ ಮೇಲೆ ಮಗುಚಿ ಹೊತ್ತುಕೊಂಡು ಏರು ಹತ್ತಿದಳು.